ತಿಪ್ಪವ್ವ ಯಾರು, ಮಾನವ್ವ ಯಾರು?

“ಬರೇ ಸ್ಕ್ಯಾನ್ ಮಾಡಿ ಇಡು. ಬ್ಯಾರೆ ಏನೂ ಮುಟ್ಟಬ್ಯಾಡ. ತಿಳೀತಿಲ್ಲೊ?”

ಅಬ್ಬಾ ಬೈಕಿಗೆ ಕಿಕ್ ಹೊಡೆಯುತ್ತ ಹೇಳಿದರು. ಕ್ಯಾಮೆರಾ ಚೀಲ ಆಗಲೇ ಹೆಗಲೇರಿತ್ತು. ನರಗುಂದದಲ್ಲಿ ಯಾರದೋ ನಿಶ್ಚಿತಾರ್ಥ.

“ಹೂಂ ಅಬ್ಬಾ, ತಿಳೀತು,” ಎಂದಳು ಆಸಿಫಾ.

ತಿಳಿದದ್ದೇನೋ ನಿಜ. ಆದರೆ ಬೈಕು ರೋಣದ ಬಸ್ ಸ್ಟ್ಯಾಂಡ್ ದಾಟುವಷ್ಟರಲ್ಲಿ ಆ ಮಾತು ಇನ್ನೊಂದು ಕಿವಿಯಿಂದ ಹೊರಗೆ ಹೋಗಿತ್ತು.

ತಪ್ಪು ಪೂರ್ತಿ ಅವಳದೂ ಅಲ್ಲ ಬಿಡಿ. ಅವಳ ಅಬ್ಬಾ ಸುಭಾನಸಾಬರ ಫೋಟೋ ಸ್ಟುಡಿಯೋಕ್ಕೆ ಹೊಸ ಸಾಫ್ಟ್‌ವೇರ್ ಬಂದು ಎಂಟು ದಿನವಾಗಿತ್ತಷ್ಟೇ. ಅದರಲ್ಲಿ ‘ಆಟೋ’ ಅಂತ ಒಂದು ಬಟನ್. ಒತ್ತಿದರೆ ಸಾಕು, ಮೊಡವೆ, ಕಲೆ, ಸುಕ್ಕು ಎಲ್ಲ ಮಾಯ! ಅಬ್ಬಾ ಅರ್ಧ ದಿನ ಕಣ್ಣು ಕಿರಿದು ಮಾಡಿಕೊಂಡು ಮಾಡುತ್ತಿದ್ದ ಕೆಲಸ ಒಂದೇ ನಿಮಿಷದಲ್ಲಿ ಮುಗಿಯುತ್ತಿತ್ತು. ಐದನೇ ಕ್ಲಾಸಿನ ಹುಡುಗಿ ಅಂಥ ಬಟನ್ ಎದುರು ಕೈಕಟ್ಟಿ ಕೂರುವುದೆಂದರೆ ಸಣ್ಣ ಮಾತೇ?

ಸ್ಕ್ಯಾನ್ ಮಾಡಬೇಕಿದ್ದ ಫೋಟೋ ಚಿಕ್ಕನರಗುಂದದ ತಿಪ್ಪವ್ವಜ್ಜಿಯದು. ಕಪ್ಪು ಬಿಳುಪಿನ, ಅಂಗೈಯಷ್ಟೇ ಫೋಟೋ. ಅದರಲ್ಲಿ ಪರಕಾರ ಉಟ್ಟ ಇಬ್ಬರು ಪುಟ್ಟ ಹುಡುಗಿಯರು ಕೈ ಹಿಡಿದು ನಿಂತಿದ್ದರು. ತಿಪ್ಪವ್ವ ಮತ್ತು ಅವಳ ಅವಳಿ ಅಕ್ಕ ಮಾನವ್ವ. ಮಾನವ್ವ ತೀರಿಕೊಂಡು ವರ್ಷವಾಗಿತ್ತು. ಹೋದ ತಿಂಗಳು ಹೊಳೆಮಣ್ಣೂರಿನಲ್ಲಿ ಅವಳ ಮನೆಗೆ ಮಲಪ್ರಭೆ ನುಗ್ಗಿದಾಗ ಟ್ರಂಕು ಕೆಸರಲ್ಲಿ ಮುಳುಗಿತ್ತು. ನೀರು ಇಳಿದ ಮೇಲೆ ಅದರ ತಳದಲ್ಲಿ ಈ ಫೋಟೋ ಸಿಕ್ಕಿತು. ಮಾನವ್ವನದೆಂದು ಉಳಿದದ್ದು ಇದೊಂದೇ. ಅದರ ಮೇಲೆಲ್ಲ ಸಾಸಿವೆ ಚೆಲ್ಲಿದಂತೆ ಕೆಸರಿನ ಚುಕ್ಕೆ.

ಆಸಿಫಾ ಸ್ಕ್ಯಾನ್ ಮಾಡಿದಳು. ಆಮೇಲೆ ಬಟನ್ ಕಡೆ ನೋಡಿದಳು.

ಟಕ್!

ಚುಕ್ಕೆಗಳೆಲ್ಲ ಎಲ್ಲಿಗೋ ಹೋದವು. ಇಬ್ಬರು ಹುಡುಗಿಯರ ಮುಖವೂ ಬೆಣ್ಣೆ ಸವರಿದ ಹಾಗೆ ನುಣ್ಣಗಾಯಿತು. ಆಸಿಫಾಗೆ ಎಷ್ಟು ಖುಷಿಯಾಯಿತೆಂದರೆ ಪ್ರಿಂಟನ್ನೂ ತೆಗೆದೇಬಿಟ್ಟಳು. ಇನ್ನು ಅಬ್ಬಾ ಬಂದು ಬೆನ್ನು ತಟ್ಟುವುದೊಂದು ಬಾಕಿ.

ಆದರೆ ಅಬ್ಬಾಗಿಂತ ಮೊದಲು ತಿಪ್ಪವ್ವಜ್ಜಿಯೇ ಬಂದಳು.

“ಆತೇನ ಯವ್ವಾ ನಮ್ಮ ಫೋಟೋ?”

“ಆಗೇತ್ರಿ ಅಜ್ಜಿ! ನೋಡ್ರಿ ಹ್ಯಾಂಗೈತಿ!”

ಅಜ್ಜಿ ಪ್ರಿಂಟನ್ನು ಬಾಗಿಲ ಬೆಳಕಿಗೆ ಹಿಡಿದಳು. ಮುಖ ಅರಳಿತು. “ಏನ್ ಚಂದ ಆಗೈತಿಬೇ! ಐವತ್ತ ವರ್ಷದ ಮ್ಯಾಲ ನೋಡಾಕ್ಹತ್ತೀನಿ ಇದನ್ನ. ಕೆಸರಾಗ ಏನೂ ಕಾಣವಲ್ದಾಗಿತ್ತು.”

ಅವಳ ಬೆರಳು ಎಡಗಡೆಯ ಹುಡುಗಿಯ ಮೇಲೆ ಹೋಯಿತು. ಅಲ್ಲಿಂದ ಬಲಗಡೆಯವಳ ಮೇಲೆ. ಮತ್ತೆ ಎಡಕ್ಕೆ.

“ಇದರಾಗ ಮಾನವ್ವ ಯಾರಬೇ?”

ಆಸಿಫಾ ನಕ್ಕಳು. “ನಿಮಗ ಗೊತ್ತಿರಬೇಕಲ್ರಿ ಅಜ್ಜಿ!”

“ನಮ್ಮವ್ವಗ ಗೊತ್ತಾಗ್ತಿರಲಿಲ್ಲ, ಇನ್ನ ನನಗೇನ ಗೊತ್ತಾದೀತು? ಒಮ್ಮೆ ಮಾನವ್ವಗ ಎರಡ ಸರ್ತಿ ಉಣಿಸಿ, ನನ್ನ ಉಪವಾಸ ಮಲಗಿಸಿದ್ಲು. ಅದಕ್ಕ ಗುರುತಿಗೆ ಅಂತ ಹಚ್ಚಿ ಹಾಕಿಸಿದ್ಲು. ಮಾನವ್ವಗ ಗಲ್ಲದ ಮ್ಯಾಲ, ನನಗ ಇಲ್ಲಿ.”

ಅಜ್ಜಿ ತನ್ನ ಗದ್ದ ಮುಟ್ಟಿ ತೋರಿಸಿದಳು. ಸುಕ್ಕುಗಳ ನಡುವೆ ಹಸಿರು ಹಚ್ಚೆಯ ಒಂದು ಬೊಟ್ಟು.

ಆಸಿಫಾ ಪ್ರಿಂಟಿನ ಮೇಲೆ ಬಾಗಿದಳು. ಪ್ರಿಂಟಿನಲ್ಲಿ ಗಲ್ಲವೂ ನುಣ್ಣಗೆ, ಗದ್ದವೂ ನುಣ್ಣಗೆ. ಆ ಬಟನ್ನಿಗೆ ಕೆಸರೂ ಒಂದೇ, ಹಚ್ಚೆಯೂ ಒಂದೇ ಆಗಿತ್ತು.

“ಅಜ್ಜಿ… ಹಚ್ಚಿ ಇತ್ರಿ. ನಾನ ಅಳಿಸಿಬಿಟ್ಟೆ. ಅಬ್ಬಾ ಬ್ಯಾಡ ಅಂದಿದ್ರು.” ಅವಳಿಗೆ ಅಳು ಬಂದೇಬಿಟ್ಟಿತು.

ಅಜ್ಜಿ ಪ್ರಿಂಟನ್ನು ಪಕ್ಕಕ್ಕಿಟ್ಟಳು. ಆಮೇಲೆ ಸ್ಟೂಲು ಎಳೆದುಕೊಂಡು ಕಂಪ್ಯೂಟರ್ ಎದುರು ಕೂತೇಬಿಟ್ಟಳು. “ಅಳಬ್ಯಾಡ. ಹಳೇ ಫೋಟೋ ಐತಿಲ್ಲೊ? ತಗೀ ಅದನ್ನ. ಇಬ್ಬರೂ ಕೂಡಿ ಹುಡುಕೋಣು.”

ಆಸಿಫಾ ಕಣ್ಣೊರೆಸಿಕೊಂಡು ಮತ್ತೆ ಸ್ಕ್ಯಾನ್ ಮಾಡಿದಳು. ಮುಖಗಳನ್ನು ಸ್ಕ್ರೀನಿನ ತುಂಬ ದೊಡ್ಡದು ಮಾಡಿದಳು. ಬಲಗಡೆಯ ಹುಡುಗಿಯ ಗದ್ದದ ಮೇಲೇ ಮೂರು ಚುಕ್ಕೆ!

“ನನ್ನ ಗದ್ದದ ಮ್ಯಾಲ ಬೆರಳ ಇಟ್ಟ ನೋಡು,” ಎಂದಳು ಅಜ್ಜಿ.

ಆಸಿಫಾ ಇಟ್ಟಳು. ತುಟಿಯ ಕೆಳಗೆ, ನಟ್ಟನಡುವೆ. ಸ್ಕ್ರೀನಿನಲ್ಲೂ ಅದೇ ಜಾಗದಲ್ಲಿ ಒಂದು ಚುಕ್ಕೆ ದುಂಡಗೆ ಕೂತಿತ್ತು. ಉಳಿದೆರಡರ ಅಂಚು ಹರಕುಮುರುಕು.

“ಇದು ನೀವ್ರಿ ಅಜ್ಜಿ!”

“ಹಂಗಾದರ ಇಕಿ…” ಅಜ್ಜಿ ಎಡಗಡೆಗೆ ಬಾಗಿದಳು. ಗಲ್ಲದ ಮೇಲೆ ಒಂದು ದುಂಡು ಬೊಟ್ಟು. “ಏನ ಮಾನೀ! ಇಲ್ಲಿ ನಿಂತೀಯೇನ ನೀ!”

ಎದುರಿಗೆ ಮನುಷ್ಯರು ಕೂತಿದ್ದಾರೇನೋ ಎಂಬಂತೆ ಅಜ್ಜಿ ಸ್ಕ್ರೀನಿನ ಜೊತೆ ಮಾತಾಡಿದಳು. ಅವಳಿಗೆ ನಗುವೂ ಬಂದಿತ್ತು, ಕಣ್ಣೀರೂ ಬಂದಿತ್ತು.

ಈ ಸಲ ಆಸಿಫಾ ‘ಆಟೋ’ ಮುಟ್ಟಲಿಲ್ಲ. ಸಣ್ಣ ಬ್ರಷ್ ಆರಿಸಿಕೊಂಡು ಒಂದೊಂದೇ ಚುಕ್ಕೆಯ ಹತ್ತಿರ ನಿಂತು ಕೇಳಿದಳು.

“ಇದ್ರಿ?”

“ಕೆಸರು.”

“ಇದು?”

“ಅದೂ ಕೆಸರು.”

“ಇದು? ಮಾನವ್ವಜ್ಜಿ ತುಟಿ ಹತ್ರ?”

“ತಡಿ ತಡಿ!” ಅಜ್ಜಿ ಅವಳ ಕೈ ಹಿಡಿದಳು. ಹತ್ತಿರ ಬಾಗಿ ನೋಡಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. “ಅವತ್ತ ಕಾಕಾನ ಮದುವಿ. ಫೋಟೋದಾಂವ ಬರೂದ್ರಾಗ ಇಕಿ ಬೆಲ್ಲ ಕದ್ದ ತಿಂದಿದ್ಲು. ಬಾಯಿ ಒರಿಸ್ಕೋ ಅಂದ್ರ ಒರಿಸ್ಕೊಳ್ಳಲಿಲ್ಲ. ಹಚ್ಚಿ ಇದ್ರೂ ಅವ್ವ ನೋಡದ ನನಗ ಬೈದ್ಲು! ಅದನ್ನ ಇರ್ಲಿ ಬಿಡಬೇ.”

ಎಲ್ಲ ಮುಗಿಯುವಷ್ಟರಲ್ಲಿ ಸಂಜೆಯಾಗಿತ್ತು. ಹೊರಗೆ ಬೈಕು ನಿಂತ ಸದ್ದಾಯಿತು. ಅಬ್ಬಾ ಒಳಗೆ ಕಾಲಿಡುತ್ತಲೇ ಆಸಿಫಾ ಬಟನ್ ಒತ್ತಿದ್ದನ್ನೂ ಹಚ್ಚೆ ಅಳಿಸಿಹೋದದ್ದನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಮೊದಲು ಅಬ್ಬಾರ ಹುಬ್ಬು ಗಂಟಾಯಿತು. ಸ್ಟೂಲಿನ ಮೇಲೆ ಚಹಾ ಕುಡಿಯುತ್ತಿದ್ದ ಅಜ್ಜಿಯನ್ನು ನೋಡಿ ಸಡಿಲಾಯಿತು.

ಅವರು ಸ್ಕ್ರೀನಿಗೆ ಬಾಗಿದರು. “ಭಾಳ ಚಲೋ ಮಾಡೀಯ. ಎರಡೂ ಹಚ್ಚಿ ಉಳದಾವು. ತುಟಿ ಹತ್ರ ಒಂದ ಚುಕ್ಕಿ ಬಿಟ್ಟೀಯಲ್ಲ. ತಡಿ, ನಾ ತಗೀತೀನಿ.”

ಅಬ್ಬಾರ ಕೈ ಮೌಸಿನ ಮೇಲೆ ಹೋಯಿತು. ಆಸಿಫಾ ಅದರ ಮೇಲೆ ತನ್ನ ಕೈ ಇಟ್ಟಳು.

“ಬ್ಯಾಡ ಅಬ್ಬಾ. ಅದು ಬೆಲ್ಲ.”