ಪ್ರತಿಸಾಕ್ಷಿಯ ಹಳದಿ ವಾಕ್ಯ

ಗದಗದ ಮಕ್ಕಳ ನ್ಯಾಯಾಲಯದ ಸಾಕ್ಷಿಕಟ್ಟೆಯಲ್ಲಿ ಅಂದು ಮಗುವಿರಲಿಲ್ಲ, ಬೂದು ಬಣ್ಣದ ಪೆಟ್ಟಿಗೆಯಿತ್ತು. ಆರೋಪಿಯ ವಕೀಲ ಮುಳಗುಂದರು ಬೆಳಗಿನಿಂದ ಅದನ್ನೇ ಗದರಿಸುತ್ತಿದ್ದರು.

“ವಾರ್ಡನ್ ನೂಕಿದ್ದನ್ನ ನೀ ಖರೇನ ನೋಡೀಯೇನು? ಯಾರರ ಹೇಳಿಕೊಟ್ಟಾರೇನು?”

“ನೋಡೇನ್ರಿ. ಮೆಟ್ಲ ಮ್ಯಾಲಿಂದ ನೂಕಿದ್ರು,” ಎಂದಿತು ಪೆಟ್ಟಿಗೆ.

ಅದರ ಹೆಸರು ಪ್ರತಿಸಾಕ್ಷಿ. ಕಟ್ಟಿದವಳು ವಿಜ್ಞಾನಿ ನೀಲಗಂಗಾ ಹಡಪದ. ಮಗು ಪರಿಚಯದ ಟೀಚರ ಪಕ್ಕ ಕೂತು, ಕಂಡದ್ದನ್ನು ಒಂದೇ ಒಂದು ಸಲ ಹೇಳುತ್ತದೆ. ಆಮೇಲೆ ಪೊಲೀಸರಾಗಲಿ ವಕೀಲರಾಗಲಿ ಪೆಟ್ಟಿಗೆಯನ್ನೇ ಕೇಳಬೇಕು. ಮಗು ಹೇಳಿದ್ದರಿಂದಲೇ ಅದು ಉತ್ತರ ಹೆಕ್ಕಿ ಕೊಡುತ್ತದೆ. 2059ರ ಹೊತ್ತಿಗೆ ಅರ್ಧ ರಾಜ್ಯಕ್ಕೆ ಅದು ತಲುಪಿತ್ತು. ಈ ಮೊಕದ್ದಮೆಯ ಒಂಬತ್ತು ವರ್ಷದ ಹುಡುಗಿ, ಹೆಸರು ಹೇಳುವಂತಿಲ್ಲ, ಹಾಸ್ಟೆಲಿನ ವಾರ್ಡನ್ ತನ್ನ ಗೆಳತಿಯನ್ನು ನೂಕಿದ್ದನ್ನು ಕಂಡಿದ್ದಳು. ಗೆಳತಿ ಉಳಿಯಲಿಲ್ಲ.

ಅದೇ ಪ್ರಶ್ನೆ ವೇಷ ಬದಲಿಸಿಕೊಂಡು ನಲವತ್ತೊಂದನೇ ಸಲ ಬಂದಾಗ ಪೆಟ್ಟಿಗೆ ತುಸು ತಡೆಯಿತು.

“ನಾ ಸುಳ್ಳ ಹೇಳೀನ್ರಿ. ಈಗರ ಮನಿಗೆ ಹೋಗ್ಲೇನ್ರಿ?”

ಪಕ್ಕದಲ್ಲಿ ಕೂತಿದ್ದ ನೀಲಗಂಗಾ ಪೆಟ್ಟಿಗೆಯ ಪರದೆಯತ್ತ ಬಾಗಿದಳು. ಮುಳಗುಂದರು ಹಿಗ್ಗಿ ಹೀರೇಕಾಯಿಯಾದರು. “ಸಾಕ್ಷಿ ತಿರುಗಿಬಿತ್ತು, ಮೇಡಂ. ಪೆಟಗಿ ಸಾಕು, ಹುಡುಗೀನ್ನ ಕರಸ್ರಿ. ವಾರ್ಡನ್ ಎದುರಿಗೆ ನಿಂತ ಹೇಳ್ಲಿ.”

“ಊಟದ ಬಿಡುವಿನೊಳಗ ಕಾರಣ ಹುಡುಕ್ರಿ,” ಎಂದರು ನ್ಯಾಯಾಧೀಶೆ ಫರ್ಜಾನಾ ಬಾಗವಾನ, ನೀಲಗಂಗಾಳತ್ತ ನೋಡಿ. “ಇಲ್ಲಾಂದ್ರ ಹುಡುಗೀನ್ನ ಕರಸೂದ ಆಗತೈತಿ.”

ಪ್ರತಿಸಾಕ್ಷಿ ಆಡಿದ ಪ್ರತಿ ವಾಕ್ಯಕ್ಕೂ ಪರದೆಯ ಮೇಲೆ ಒಂದು ಬಣ್ಣವಿರುತ್ತಿತ್ತು. ಮಗುವಿನದೇ ಮಾತಾದರೆ ಹಸಿರು, ಮಾತಿನ ಧಾಟಿಗೆಂದು ಬೇರೆಡೆಯಿಂದ ಎರವಲು ತಂದದ್ದು ಹಳದಿ. ಈ ವಾಕ್ಯ ಹಳದಿಯಾಗಿತ್ತು. ಮಕ್ಕಳು ಮಾತಾಡುವ ಬಗೆಯನ್ನು ಯಂತ್ರಕ್ಕೆ ಕಲಿಸಲು ನೀಲಗಂಗಾ ಹಳೆಯ ಕೋರ್ಟು ದಾಖಲೆಗಳನ್ನು ಉಣಿಸಿದ್ದಳು. ಅಲ್ಲಿ ಮಕ್ಕಳನ್ನು ಹೇಗೆ ಮಾತಾಡಿಸಿದ್ದರು ಎಂದು ನೋಡುವ ಗೋಜಿಗೆ ಹೋಗಿರಲಿಲ್ಲ. ಈಗ ಊಟ ಬಿಟ್ಟು ಓದಿದಳು. ಬಿಡುವು ಮುಗಿಯುತ್ತಲೇ ನ್ಯಾಯಾಧೀಶೆಯ ಎದುರು ನಿಂತಳು.

“ಇದು ಈ ಹುಡುಗಿ ಮಾತಲ್ರಿ, ಮೇಡಂ. ತಪ್ಪು ನಂದು,” ಎಂದಳು. “ಇಂಥಾ ಮಾತು ಮುನ್ನೂರ ನಲವತ್ತಾರು ಮಕ್ಕಳು ಆಡ್ಯಾವು. ಒಂದೂ ಮೊದಲ ಸಲಕ್ಕ ಆಡಿಲ್ಲ. ಕೇಳಿ ಕೇಳಿ ಸುಸ್ತ ಮಾಡಿದ ಮ್ಯಾಲೆ, ಮನಿಗೆ ಹೋಗಾಕ ಇದೊಂದ ದಾರಿ ಅಂತ ಆಡ್ಯಾವು. ಅವುಗಳಿಂದ ಪೆಟಗಿ ಕಲ್ತೈತಿ.”

“ಆ ಕೇಸು ಏನಾದ್ವು?” ನ್ಯಾಯಾಧೀಶೆ ಕೇಳಿದರು.

“ಎಲ್ಲಾ ಬಿದ್ದುಹೋದ್ವು. ಸಾಕ್ಷಿ ಪ್ರತಿಕೂಲ ಅಂತ ಬರದು ಫೈಲ್ ಮುಚ್ಚ್ಯಾರ.”

ದಣಿವನ್ನು ಸುಳ್ಳು ಎಂದು ಬರೆದುಕೊಂಡು ಕೈತೊಳೆದುಕೊಂಡ ಆ ದೊಡ್ಡವರಲ್ಲಿ ಒಬ್ಬರಿಗಾದರೂ ನಾಚಿಕೆಯಾಗಬಾರದಿತ್ತೇ?

ಹಳದಿ ವಾಕ್ಯವನ್ನು ದಾಖಲೆಯಿಂದ ತೆಗೆಯಲು ನ್ಯಾಯಾಧೀಶೆ ಆದೇಶಿಸಿದರು. ಹಸಿರು ಮಾತುಗಳು ನಿಂತವು, ಹುಡುಗಿ ಬರಬೇಕಾಗಿಲ್ಲ ಎಂದಾಯಿತು.

“ಆ ಹಳೇ ಫೈಲುಗಳನ್ನೂ ತರಸ್ರಿ,” ಎಂದರು. “ಯಾವ ಕಾಲದ್ದವು?”

ನೀಲಗಂಗಾ ಮೇಲಿನ ಹಾಳೆ ನೋಡಿದಳು. ಏಳು ವರ್ಷದ ಒಂದು ಮಗು. ಐದನೇ ಸಲ ಕಟ್ಟೆ ಹತ್ತಿತ್ತು. ಅದಕ್ಕೂ ಮೊದಲು ಮೂರು ತಾಸು ಹೊರಗಿನ ಬೆಂಚಿನಲ್ಲಿ, ಆರೋಪಿಯ ಪಕ್ಕದಲ್ಲೇ ಕೂತಿತ್ತು.

“ಎರಡು ಸಾವಿರದ ಇಪ್ಪತ್ತಾರು, ಮೇಡಂ.”