ಗುಳಿಗಿ ಬಿಡಿಸಿದಾಕಿ

"ಡಾಕ್ಟರ್ ಸಂಪದಾ ಅಂದ್ರ ನೀವ ಏನು?"

ಹಿಂದಿನಿಂದ ಬಂದ ಆ ದನಿಗೆ ಸಂಪದಾ ಬೆಚ್ಚಿಬಿದ್ದಳು. ವಿಜಯಪುರದ ಆ ಆಸ್ಪತ್ರೆಯ ಐಸಿಯು ಬಾಗಿಲು ಇನ್ನೂ ನಾಲ್ಕು ಹೆಜ್ಜೆ ದೂರವಿತ್ತು.

ತಿರುಗಿ ನೋಡಿದಳು. ಒಬ್ಬ ಯುವಕ. ಬಿಳಿ ಅಂಗಿ, ತೋಳಿನ ಮೇಲೆ ಮಡಚಿ ಹಾಕಿಕೊಂಡ ಕಪ್ಪು ಕೋಟು. ನಿದ್ದೆಗೆಟ್ಟು ಕೆಂಪಾದ ಕಣ್ಣುಗಳು ಅವಳನ್ನೇ ಸುಡುವಂತೆ ನೋಡುತ್ತಿದ್ದವು.

"ನಾನು... ನಾನು ಡಾಕ್ಟರ್ ಅಲ್ರಿ..."

"ಹಂಗಾರ ಬೋರ್ಡಿನ ಮ್ಯಾಲೆ ಯಾಕ ಬರಸೀರಿ? ಅದನ್ನ ನಂಬಿ ಗುಳಿಗಿ ಬಿಟ್ಟಾಕಿ ಒಳಗ ಮಾತಿಲ್ದ ಮಲಗ್ಯಾಳ!"

ಬೆಂಚಿನ ಮೇಲೆ ತಲೆಗೆ ಕೈಕೊಟ್ಟು ಕುಳಿತಿದ್ದ ಅಮೋಘಿ ನಿಧಾನವಾಗಿ ಮುಖವೆತ್ತಿದ. ಒಳಗೆ ಮಲಗಿದ್ದ ಮಲಕವ್ವನ ಮಗ ಅವನು.

"ನೀವ ಹೇಳಿದ್ರಲ್ರೀ ಮೇಡಂ, ಗುಳಿಗಿ ಬಿಟ್ರ ನಡಿತೈತಿ ಅಂತ?"

'ನಾನು ಹೇಳಲಿಲ್ಲ' ಎಂದು ಬಾಯಿ ತೆರೆದಳು. ಆದರೆ ಮಾತು ಅಲ್ಲೇ ನಿಂತಿತು.

'ಬಿಡಬೇಡಿ ಅಂತಲಾದರೂ ಹೇಳಿದೆನಾ?... ಅದನ್ನೂ ಹೇಳಲಿಲ್ಲವಲ್ಲ!'

"ನಾನು ಸಂಗಮೇಶ, ವಕೀಲ. ಇವರೂರಾಂವ," ಎಂದ ಆ ಯುವಕ. "ಈ ಕೇಸು ನಾನ ನೋಡಾಕತ್ತೇನಿ."

ಕೇಸು! ಆ ಒಂದು ಶಬ್ದ ಕೇಳಿ ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

ಸಂಪದಾ ಕೆಟ್ಟವಳಲ್ಲ. ಆಹಾರ ವಿಜ್ಞಾನ ಓದಿದವಳು. ಸ್ಟೇಷನ್ ರಸ್ತೆಯ ಮೊದಲನೇ ಮಹಡಿಯಲ್ಲಿ ಒಂದು ವೆಲ್‌ನೆಸ್ ಸೆಂಟರ್ ತೆರೆದು ಏನು ಉಣ್ಣಬೇಕು, ಎಷ್ಟು ನಡೆಯಬೇಕು, ಹೇಗೆ ನಿದ್ದೆ ಮಾಡಬೇಕು ಎಂದು ಹೇಳಿಕೊಡುತ್ತಿದ್ದಳು. ಜನ ಹಗುರಾಗಿ ನಗುತ್ತ ಮೆಟ್ಟಿಲು ಇಳಿಯುವುದನ್ನು ನೋಡುವುದೇ ಅವಳ ಸುಖ.

ಪ್ರಚಾರ ನೋಡಿಕೊಳ್ಳುತ್ತಿದ್ದವನು ಅಣ್ಣ ಮಿಲಿಂದ. ಹೆಸರಿನ ಮುಂದೆ 'ಡಾ.' ಹಾಕಿಸಿದವನು ಅವನೇ. ಅವಳ ನಗುವ ಮುಖ ತೋರಿಸಿ, 'ಸಕ್ಕರೆ ಕಾಯಿಲೆ ಬುಡಸಮೇತ ಮಾಯ! ಗುಳಿಗೆಗೆ ವಿದಾಯ ಹೇಳಿ!' ಎಂದು ತನ್ನ ದನಿಯಲ್ಲಿ ವಿಡಿಯೊ ಮಾಡಿ ಬಿಟ್ಟವನೂ ಅವನೇ.

"ಅಣ್ಣಾ, ಇದು ಸುಳ್ಳಲ್ಲೇನು?" ಎಂದು ಒಮ್ಮೆ ಕೇಳಿದ್ದಳು.

"ಎಲ್ಲಾರೂ ಹಾಕ್ತಾರ, ಸುಮ್ನಿರು," ಎಂದಿದ್ದ.

ಸುಮ್ಮನಿದ್ದುಬಿಟ್ಟಳು. ಅದೇ ಅವಳ ತಪ್ಪು.

ಆ ವಿಡಿಯೊ ನೋಡಿಯೇ ಬಿಜ್ಜರಗಿಯ ಮಲಕವ್ವ ಬಂದದ್ದು. ದಿನವೆಲ್ಲ ಆಡು ಕಾಯುವ ಹೆಂಗಸು. ಒಡೆದ ಹಿಮ್ಮಡಿಯನ್ನು ಸಂಪದಾ ಕೈಯಲ್ಲಿ ಹಿಡಿದು ನೋಡಿದಾಗ ನಾಚಿ ಕಾಲು ಎಳೆದುಕೊಂಡಿದ್ದಳು. ಮೊನ್ನೆ ಆಡುಗಳ ನಡುವೆಯೇ ಕುಸಿದುಬಿದ್ದಳಂತೆ. ಸಕ್ಕರೆ ಏರಿ, ಮೈಮೇಲೆ ಎಚ್ಚರವೇ ಇರಲಿಲ್ಲವಂತೆ...

ಸಂಪದಾ ಆಸ್ಪತ್ರೆಯಿಂದ ಮನೆಗೆ ಬಂದರೆ ಮಿಲಿಂದ ಕೋಣೆಯ ತುಂಬ ಅಡ್ಡಾಡುತ್ತಿದ್ದ.

"ವಿಡಿಯೊ ಎಲ್ಲಾ ಅಳಿಸೀನಿ. ನೀ ಫೋನ್ ಬಂದ್ ಮಾಡು. ತಿಕೋಟಾಕ್ಕ ಹೋಗಿ ಅವ್ವನ ಹತ್ರ ಇರು. ಆಸ್ಪತ್ರಿ ಕಡೆ ಮಾತ್ರ ಹೋಗಬ್ಯಾಡ, ತಿಳೀತಾ?"

"ಆಕಿ ಸತ್ರ ಏನು ಗತಿ ಅಣ್ಣಾ?"

ಮಿಲಿಂದ ಬಾಗಿಲು ಎಳೆದುಕೊಂಡು ಹೊರಗೆ ಹೋದ.

ಅಂದಿನಿಂದ ಭಯ ಅವಳ ಜೊತೆಗೇ ಉಂಡಿತು, ಜೊತೆಗೇ ಮಲಗಿತು. ಖಾಕಿ ಬಟ್ಟೆ ಕಂಡರೆ ಎದೆ ಹಾರುತ್ತಿತ್ತು. ಹಾಲಿನವನು ಬಾಗಿಲು ಬಡಿದರೂ ಕಿಟಕಿಯಿಂದ ಇಣುಕಿ ನೋಡಿಯೇ ತೆರೆಯುತ್ತಿದ್ದಳು. ಆದರೂ ಬೆಳಗಾದರೆ ಆಸ್ಪತ್ರೆಗೇ ಹೋಗುತ್ತಿದ್ದಳು. ಯಾರೂ ಮಾತಾಡಿಸುತ್ತಿರಲಿಲ್ಲ. ಬೆಂಚಿನ ತುದಿಯಲ್ಲಿ ಕುಳಿತು ಐಸಿಯು ಬಾಗಿಲನ್ನೇ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಅವಳ ಮುಂದೆ ಚಹಾದ ಕಪ್ಪು ಬಂತು. ಹಿಡಿದಿದ್ದವನು ಸಂಗಮೇಶ!

"ಕುಡೀರಿ. ಇಲ್ಲೇ ಬಿದ್ರ ನಿಮ್ಮನ್ನೂ ನಾನ ಒಳಗ ಸೇರಸಬೇಕಾಗತೈತಿ."

ಅವಳು ಕಪ್ಪು ತೆಗೆದುಕೊಂಡಳು.

"ನನ್ನ ಜೈಲಿಗೆ ಹಾಕ್ತಾರೇನ್ರಿ?"

ಸಂಗಮೇಶ ಅವಳ ಪಕ್ಕದಲ್ಲಿ ಸ್ವಲ್ಪ ಅಂತರ ಬಿಟ್ಟು ಕುಳಿತ. ಸುಳ್ಳು ಸಮಾಧಾನ ಹೇಳಲಿಲ್ಲ.

"ಸಕ್ಕರಿ ಕಾಯಿಲೆ ವಾಸಿ ಮಾಡ್ತೇವಿ ಅಂತ ಜಾಹೀರಾತು ಕೊಡೋದ ಕಾಯ್ದೆ ಪ್ರಕಾರ ಅಪರಾಧ. ಓದಲಾರದ ಡಾಕ್ಟರ್ ಅನಿಸ್ಕೊಳ್ಳೋದು ಇನ್ನೊಂದು ತಪ್ಪು. ನಿಮ್ಮ ಸೆಂಟರಿನ್ಯಾಗ ಮೆಂತೆ ಪುಡಿ ಡಬ್ಬಿ ಮಾರತೀರಲ್ಲ, ಅದಕ್ಕ ಆಹಾರ ಇಲಾಖೆ ಲೈಸೆನ್ಸ್ ಐತೇನು?"

"ಇಲ್ರಿ..."

"ಊಟ, ನಡಿಗಿ, ನಿದ್ದಿ ಹೇಳಿಕೊಡೋದು ತಪ್ಪಲ್ಲ. ಆದ್ರ 'ನಾನು ಡಾಕ್ಟರ್ ಅಲ್ಲ, ಗುಳಿಗಿ ಬಿಡಬ್ಯಾಡ್ರಿ' ಅಂತ ಮೊದಲನೇ ದಿನನ ಓದಿ ಹೇಳಿ ಸಹಿ ತಗೋಬೇಕಿತ್ತು."

"ನನಗ ಇದನ್ನ ಯಾರೂ ಹೇಳಲಿಲ್ಲ."

"ನೀವೂ ಯಾರನ್ನೂ ಕೇಳಲಿಲ್ಲ."

ಮಾತು ಚುಚ್ಚಿತು. ಆದರೆ ಹೇಳಿದ ದನಿಯಲ್ಲಿ ವಿಷವಿರಲಿಲ್ಲ.

"ನೀವು ಅವರ ಕಡೆಯವರು. ಇದೆಲ್ಲಾ ನನಗ ಯಾಕ ಹೇಳ್ತೀರಿ?"

"ನಮ್ಮವ್ವ ಹ್ವಾದ ಮ್ಯಾಲೆ ಮಲಕವ್ವನ ಮನಿ ರೊಟ್ಟಿ ತಿಂದು ಸಾಲಿಗೆ ಹೋದಾಂವ ನಾನು. ನಿಮ್ಮನ್ನ ಬಯ್ಯಾಕಂತನ ಅವತ್ತು ನಿಂತಿದ್ದೆ. ಆದ್ರ ಆಕಿ ಬೀಳೂ ಮೊದಲ ಹೇಳಿದ್ದು ನೆನಪಾಗತೈತಿ. 'ಆ ಹುಡುಗಿ ನನ್ನ ಕಾಲು ಹಿಡಿದು ನೋಡ್ಯಾಳೋ ಸಂಗ್ಯಾ, ಯಾ ಡಾಕ್ಟರೂ ಹಂಗ ನೋಡಿಲ್ಲ' ಅಂದಿದ್ಲು..."

ಅವನು ಮುಖ ಬೇರೆ ಕಡೆ ತಿರುಗಿಸಿದ.

"ನನಗೂ ಅಂಜಿಕಿ ಆಗೈತ್ರಿ," ಎಂದ ಮೆಲ್ಲಗೆ.

ಅಷ್ಟು ದಿನ ತಾನೊಬ್ಬಳೇ ಹೊತ್ತಿದ್ದ ಭಯದ ಇನ್ನೊಂದು ತುದಿಯನ್ನು ಯಾರೋ ಹಿಡಿದಂತಾಯಿತು ಸಂಪದಾಳಿಗೆ. 'ಇದೇನಿದು... ನನ್ನ ಮೇಲೆ ಕೇಸು ಹಾಕುವವನ ಪಕ್ಕದಲ್ಲೇ ಉಸಿರು ಹಗುರಾಗುತ್ತಿದೆಯಲ್ಲ!'

ಆಮೇಲೆ ದಿನವೂ ಆ ಬೆಂಚಿಗೆ ಎರಡು ಕಪ್ಪು ಚಹಾ ಬರತೊಡಗಿತು. ಕುಳಿತವರ ನಡುವಿನ ಅಂತರ ಸ್ವಲ್ಪ ಸ್ವಲ್ಪವೇ ಕಡಿಮೆಯಾಯಿತು.

ಮಲಕವ್ವ ಕಣ್ಣು ತೆರೆದಳು. ವಾರ್ಡಿಗೆ ತಂದರು. ಆ ಸುದ್ದಿ ಕೇಳಿ ಸಂಪದಾ ಅಡುಗೆಮನೆಯಲ್ಲೇ ಕುಸಿದು ಅತ್ತಳು. ಅಷ್ಟರಲ್ಲಿ ಮಿಲಿಂದನ ಫೋನ್.

"ಇನ್ನ ಹೆದರಬ್ಯಾಡ ಸಂಪಾ. 'ನನ್ನ ಸ್ವಂತ ಇಚ್ಛೆಯಿಂದ ಗುಳಿಗೆ ಬಿಟ್ಟೆ' ಅಂತ ಹಳೆ ತಾರೀಖು ಹಾಕಿ ಕಾಗದ ಮಾಡಿಸೀನಿ. ಮುದುಕಿ ಹೆಬ್ಬಟ್ಟು ಒತ್ತಿದ್ರ ಮುಗೀತು."

"ಅಣ್ಣಾ! ಎಲ್ಲಿದ್ದೀ ನೀನು? ಅಣ್ಣಾ!"

ಫೋನ್ ಕಟ್ಟಾಗಿತ್ತು.

ಅವಳು ಸೆರಗು ಸರಿಮಾಡಿಕೊಳ್ಳದೆ ಆಟೊ ಹತ್ತಿದಳು. ವಾರ್ಡಿಗೆ ಓಡಿ ಬಂದಾಗ ಮಿಲಿಂದ ಮಂಚದ ಪಕ್ಕ ಬಾಗಿದ್ದ. ಮಲಕವ್ವನ ಹೆಬ್ಬೆರಳಿಗೆ ಆಗಲೇ ಮಸಿ ಹತ್ತಿತ್ತು!

"ಆಸ್ಪತ್ರಿ ಕಾಗದ ಐತಿ ಅವ್ವಾ, ಇಲ್ಲೊಂದು ಒತ್ತು..."

"ಬಿಡು ಆಕಿ ಕೈ!"

ಸಂಪದಾ ಕಾಗದವನ್ನೂ ಮಸಿಯ ಡಬ್ಬಿಯನ್ನೂ ಕಸಿದುಕೊಂಡಳು. ಬೆರಳೆಲ್ಲ ನೀಲಿಯಾಯಿತು. ಮಿಲಿಂದ ಏನೋ ಅನ್ನಲು ಹೋದವನು, ಕಿಟಕಿಯಾಚೆ ಕಪ್ಪು ಕೋಟು ಬರುವುದನ್ನು ಕಂಡು ಹಿಂದಿನ ಬಾಗಿಲಿನಿಂದ ಜಾರಿಕೊಂಡ.

ಸಂಗಮೇಶ ಒಳಗೆ ಬಂದಾಗ ಕಂಡದ್ದು ಇಷ್ಟೇ. ಮಸಿ ಹತ್ತಿದ ಮಲಕವ್ವನ ಹೆಬ್ಬೆರಳು. ಕಾಗದ ಹಿಡಿದು ನಿಂತ ಸಂಪದಾ.

ಅವನು ಕಾಗದ ತೆಗೆದುಕೊಂಡು ಓದಿದ. ಮುಖದ ಬಣ್ಣವೇ ಹೋಯಿತು.

"ಇದಕ್ಕೇನು ದಿನಾ ಬಂದು ಕುಂದರ್ತಿದ್ರಿ?"

"ಸಂಗಮೇಶ ಅವರ... ನಾನು..."

'ಅಣ್ಣ ಮಾಡಿದ ಅಂದರೆ ಅಣ್ಣ ಜೈಲಿಗೆ ಹೋಗುತ್ತಾನೆ...' ಭಯಕ್ಕೆ ಅವಳ ನಾಲಿಗೆ ಕಟ್ಟಿತು.

"ಬ್ಯಾಡ್ರಿ. ಇನ್ನ ಏನಿದ್ರೂ ನಿಮ್ಮ ವಕೀಲಗ ಹೇಳ್ರಿ." ಅವನು ಬೆನ್ನು ತಿರುಗಿಸಿದ.

ಮಲಕವ್ವನ ಬಾಯಿ ಅಲುಗಿತು. ಆದರೆ ದನಿ ಹೊರಡಲಿಲ್ಲ.

ಸಂಪದಾ ತಿಕೋಟಾದ ಬಸ್ಸು ಹತ್ತಿದಳು. ಕಿಟಕಿಯಾಚೆ ದ್ರಾಕ್ಷಿ ತೋಟಗಳು ಓಡುತ್ತಿದ್ದವು, ಅವಳಿಗೆ ಒಂದೂ ಕಾಣಲಿಲ್ಲ. ಮನೆಗೆ ಬಂದು ತಾಯಿ ವತ್ಸಲಾಬಾಯಿಯ ಮಡಿಲಲ್ಲಿ ಮುಖವಿಟ್ಟು ಎಲ್ಲವನ್ನೂ ಹೇಳಿದಳು.

ವತ್ಸಲಾಬಾಯಿ ನಿವೃತ್ತ ಶಿಕ್ಷಕಿ. ಮಗಳ ತಲೆ ಸವರುತ್ತ ಕೇಳಿದರು, "ಹೆದರಿ ಓಡಿ ಬಂದಿ ಹೌದಲ್ಲೋ?"

"ಹೂಂ..."

"ಹೆದರಿಕಿನೂ ಅದೇ ಬಸ್ಸಿನ್ಯಾಗ ಬಂದದಲ್ಲ ಮಗಳ. ಇಲ್ಲಿಂದ ಇನ್ನೆಲ್ಲಿಗೆ ಓಡ್ತೀ? ಅದಿರಲಿ... ಆ ವಿಡಿಯೊ ನೋಡಿ ಗುಳಿಗಿ ಬಿಟ್ಟಾಕಿ ಆಕಿ ಒಬ್ಬಾಕಿನ ಏನು?"

ಸಂಪದಾ ಥಟ್ಟನೆ ತಲೆಯೆತ್ತಿದಳು.

ಇಷ್ಟು ದಿನ ತನಗೇನಾಗುತ್ತದೋ ಎಂದು ಹೆದರಿದ್ದಳು. ಈಗ ಬಂದ ಹೆದರಿಕೆ ಬೇರೆಯದು. 'ಇನ್ನೂ ಎಷ್ಟು ಮಂದಿ... ದೇವರೇ!'

ಮರುದಿನ ಬೆಳಿಗ್ಗೆಯೇ ವಿಜಯಪುರಕ್ಕೆ ಮರಳಿದಳು. ಆರೋಗ್ಯ ಇಲಾಖೆಯ ಕಚೇರಿಯ ಮೆಟ್ಟಿಲ ಮೇಲೆ ಎರಡು ಸಲ ಹಿಂದಕ್ಕೆ ಇಳಿದಳು. ಮೂರನೇ ಸಲ ಕಣ್ಣು ಮುಚ್ಚಿಕೊಂಡೇ ಒಳಗೆ ನಡೆದಳು.

"ದೂರು ಕೊಡ್ಲಿಕ್ಕೆ ಬಂದೀನ್ರಿ."

"ಯಾರ ಮ್ಯಾಲೆ?" ಎಂದು ಕೇಳಿದರು ಅಧಿಕಾರಿ ಸಮ್ರೀನ.

"ನನ್ನ ಮ್ಯಾಲೇನ ರೀ."

ಎಲ್ಲವನ್ನೂ ಹೇಳಿದಳು. ಅಣ್ಣ ಮಾಡಿದ್ದನ್ನೂ, ಆಸ್ಪತ್ರೆಯ ಕಾಗದವನ್ನೂ ಮುಚ್ಚಿಡಲಿಲ್ಲ. "ಆದ್ರ ಸೆಂಟರ್ ನನ್ನ ಹೆಸರಿನ್ಯಾಗ ಅದ. ನಾ ಸುಮ್ಮನಿದ್ದೆ," ಎಂದಳು. ಸಮ್ರೀನ ಎಲ್ಲವನ್ನೂ ಬರೆದುಕೊಂಡರು.

"ಸೆಂಟರ್ ಇವತ್ತೇ ಬಂದ್ ಆಗ್ತದ. ವಿಚಾರಣೆ ನಡೀತದ. ಶಿಕ್ಷೆ ಏನು ಅಂತ ನಾ ಈಗ ಹೇಳಲಾರೆ. ಮೊದಲು ನಿಮ್ಮ ಕಡೆ ಬಂದವರಿಗೆಲ್ಲ ತಿಳಿಸ್ರಿ."

ಕಚೇರಿಯ ಹೊರಗಿನ ಬೇವಿನ ಗಿಡದ ಕೆಳಗೆ ನಿಂತು ಅವಳೇ ವಿಡಿಯೊ ಮಾಡಿದಳು. "ನಾನು ಡಾಕ್ಟರ್ ಅಲ್ಲ. ಸಕ್ಕರಿ ಕಾಯಿಲೆ ವಾಸಿ ಮಾಡ್ತೀವಿ ಅಂದಿದ್ದು ಸುಳ್ಳು. ಗುಳಿಗಿ ಬಿಟ್ಟವರು ಇವತ್ತೇ ನಿಮ್ಮ ಡಾಕ್ಟರ ಕಡೆ ಹೋಗ್ರಿ..." ಆಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿದಳು. ಕೆಲವರು ಅತ್ತರು, ಕೆಲವರು ಬೈದರು. ಎಲ್ಲವನ್ನೂ ಕೇಳಿಸಿಕೊಂಡಳು.

ಸಾರವಾಡದ ಧೂಳಪ್ಪ ಮಾತ್ರ ಫೋನ್ ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದಳು. ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. ಕಣ್ಣ ಮುಂದೆ ಆಡುಗಳ ನಡುವೆ ಬಿದ್ದ ಮಲಕವ್ವನೇ ಬಂದಳು. ಸಾರವಾಡದ ಮೇಲೆ ಹೋಗುವ ಬಬಲೇಶ್ವರದ ಬಸ್ಸಿಗೆ ಓಡಬೇಕೆನ್ನುವಾಗ ಒಂದು ಕಾರು ಪಕ್ಕದಲ್ಲೇ ಬಂದು ನಿಂತಿತು.

"ಹತ್ರಿ," ಎಂದ ಸಂಗಮೇಶ. "ನಿಮ್ಮ ವಿಡಿಯೊ ನೋಡಿ ಈ ಗಿಡದ ಗುರ್ತು ಹಿಡಿದು ಬಂದೆ. ಎಲ್ಲಿಗೆ ಹೋಗಬೇಕು?"

ಅವಳಿಗೆ ಕೇಳಲು, ಮುನಿಯಲು ಹೊತ್ತಿರಲಿಲ್ಲ. "ಸಾರವಾಡ! ಒಬ್ಬರು ಫೋನ್ ಎತ್ತವಲ್ಲರು..."

ಕಾರು ಊರು ದಾಟಿತು. ಹೊಲಗಳ ನಡುವಿನ ರಸ್ತೆಗೆ ಬಂದ ಮೇಲೆ ಅವನೇ ಬಾಯಿ ಬಿಟ್ಟ.

"ಮಲಕವ್ವಗ ಇವತ್ತು ಮಾತು ಬಂತು. ಮೊದಲ ಮಾತ ನನಗ ಬೈಗುಳ. 'ಆ ಹುಡುಗಿ ನನ್ನ ಕೈ ಉಳಿಸ್ಯಾಳಲೇ, ಮಸಿ ಹಚ್ಚಿದಾಂವ ಬ್ಯಾರೇದಾಂವ. ಕಣ್ಣಾರೆ ಕಂಡೇನಿ' ಅಂದ್ಲು." ಅವನ ಕೈ ಸ್ಟೇರಿಂಗ್ ಮೇಲೆ ಬಿಗಿಯಿತು. "ಕೋರ್ಟಿನ್ಯಾಗ ಕೊಲಿ ಆರೋಪಿ ಮಾತೂ ಪೂರ್ತಿ ಕೇಳ್ತೇನ್ರಿ ನಾನು. ನಿಮ್ಮ ಒಂದ ಮಾತು ಕೇಳಲಿಲ್ಲ. ತಪ್ಪಾತು."

ಸಂಪದಾಳ ಕಣ್ಣು ತುಂಬಿ ಬಂತು. ಉತ್ತರ ಹೇಳುವಷ್ಟರಲ್ಲಿ ಧೂಳಪ್ಪನ ಮನೆ ಬಂದಿತ್ತು.

ಬಾಗಿಲಿಗೆ ಬೀಗ! ಸಂಗಮೇಶ ಅವಳ ಕೈ ಹಿಡಿದ. ಇಬ್ಬರೂ ಹೊಲದ ಕಡೆ ಓಡಿದರು.

ಹೊಲದ ನಡುವೆ ಟ್ರ್ಯಾಕ್ಟರ್ ಗುಡುಗುಡು ಎನ್ನುತ್ತಿತ್ತು. ಅದರ ಮೇಲೆ ಧೂಳಪ್ಪ, ಗಟ್ಟಿಮುಟ್ಟಾಗಿ!

"ಗುಳಿಗಿ ಬಿಟ್ಟೀರೇನ್ರೀ?" ಸಂಪದಾ ದೂರದಿಂದಲೇ ಕೂಗಿದಳು.

"ಏನು?" ಆತ ಟ್ರ್ಯಾಕ್ಟರ್ ನಿಲ್ಲಿಸಿ ಇಳಿದ. "ಗುಳಿಗಿ? ಬಿಡಬೇಕಂತಿದ್ನಿರಿ ಮೇಡಂ. ನನ್ನ ಹೇಣ್ತಿ ಬಿಡಗೊಡವಲ್ಲಳು. ಮುಂಜಾನೆ ಎದುರಿಗೆ ನಿಂತು ನುಂಗಸ್ತಾಳ!"

ಸಂಪದಾ ಬದುವಿನ ಮೇಲೆ ಕುಸಿದು ಕುಳಿತಳು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ. ಧೂಳಪ್ಪ ಗಾಬರಿಯಾಗಿ ನೀರು ತರಲು ಬಾವಿಯ ಕಡೆ ಹೋದ.

ಸಂಗಮೇಶ ಅವಳ ಪಕ್ಕದಲ್ಲಿ ಕುಳಿತ. ಹಿಡಿದ ಕೈ ಇನ್ನೂ ಬಿಟ್ಟಿರಲಿಲ್ಲ.

"ವಿಚಾರಣಿ ನಡಿತದ," ಎಂದಳು. "ಸೆಂಟರ್ ಮತ್ತ ತೆರೀತದೋ ಇಲ್ಲೋ... ಏನು ಶಿಕ್ಷಾ ಕೊಡ್ತಾರೋ. ನನಗ ಇನ್ನೂ ಅಂಜಿಕಿ ಆಗ್ತದ."

"ನಾನು ಅಮೋಘಿ ವಕೀಲ. ವಿಚಾರಣಿಯೊಳಗ ನಿಮ್ಮ ಪರ ನಿಂದ್ರಾಕ ಬರಾಂಗಿಲ್ಲ."

"ಗೊತ್ತದ್ರಿ."

"ಹೊರಗ ಕುಂದ್ರಾಕ ಬರತೈತಿ. ನೀವು ಒಳಗ ಹೋದಾಗೆಲ್ಲ, ನೀವು ಬರೂತನಾ. ಅದಕ್ಕ ಯಾ ಕಾಯ್ದೆನೂ ಅಡ್ಡ ಬರಾಂಗಿಲ್ಲ." ಅವನ ದನಿ ತಗ್ಗಿತು. "ಆಸ್ಪತ್ರಿ ಬೆಂಚಿನ ಮ್ಯಾಲೆ ನಿಮ್ಮ ಪಕ್ಕ ಕುಂತಾಗಿಂದ ಬ್ಯಾರೆ ಎಲ್ಲೂ ಕುಂದ್ರಾಕ ಮನಸ ಬರವಲ್ದು, ಸಂಪದಾ."

ಮೊದಲ ಸಲ ಅವನ ಬಾಯಲ್ಲಿ ಬರೀ ಹೆಸರು! ಅವಳ ಕೆನ್ನೆ ಬಿಸಿಯಾಯಿತು. ಭಯ ಹೋಗಿರಲಿಲ್ಲ, ಆದರೆ ಅದರ ಪಕ್ಕದಲ್ಲೇ ಇನ್ನೇನೋ ಬಂದು ಕುಳಿತಿತ್ತು.

"ಎಷ್ಟು ದಿನ ಹಂಗ ಹೊರಗ ಕುಂದ್ರತೀರಿ?"

"ನೀವು ಬಂದು 'ಏಳ್ರಿ, ಮನಿಗೆ ಹೋಗೂಣು' ಅನ್ನೂತನಾ."

"ಯಾರ ಮನಿಗೆ?"

ಅವನು ನಕ್ಕ.

"ನಮ್ಮನಿಗೆ."