ಗೂಬೆ ಮಾಮನ ಒಂಬತ್ತು ಟೇಪುಗಳು

ರೇಡಿಯೊ ಕೇಂದ್ರದ ಟೇಪು ಕೋಣೆಗೆ ಹಾಕಿದ ಬೀಗ ಹಾಕಿದ ಹಾಗೇ ಇತ್ತು. ಮುನ್ನೂರು ಟೇಪುಗಳಲ್ಲಿ ಒಂದೂ ಕಳುವಾಗಿರಲಿಲ್ಲ. ಆದರೆ ಒಂಬತ್ತರಲ್ಲಿ ಬರೀ ಸುಯ್ಯೆನ್ನುವ ಸದ್ದು. ಯಾರೋ ಅಯಸ್ಕಾಂತ ಹಿಡಿದು ಅಳಿಸಿದ್ದರು.

ಇಪ್ಪತ್ತು ವರ್ಷ ನಡುರಾತ್ರಿಯ ಕಾರ್ಯಕ್ರಮದಲ್ಲಿ ಸತ್ತವರ, ದೆವ್ವಗಳ ಕತೆ ಹೇಳಿ, ಕೇಳುಗರ ಫೋನಿಗೆ ಉತ್ತರಿಸಿ ಊರಿನ ನಿದ್ದೆ ಕೆಡಿಸಿದ ‘ಗೂಬೆ ಮಾಮ’ ತೀರಿಹೋಗಿ ಮೂರು ವಾರವಾಗಿತ್ತು. ಸೋಮವಾರದಿಂದ ಮರುಪ್ರಸಾರ. ತನಿಖೆಗೆ ಬಂದ ಇನ್ಸ್‌ಪೆಕ್ಟರ್ ಆ ದನಿ ಕೇಳುತ್ತಲೇ ಪರೀಕ್ಷೆಗಳಿಗೆ ಓದಿದವಳು.

ಕೇಂದ್ರದ ನಿರ್ದೇಶಕರು ಬೆರಳು ತೋರಿಸಿದ್ದು ಮಾಮನ ಮಗನ ಕಡೆ. ಅಪ್ಪ ಮಗನಿಗೆ ಎಣ್ಣೆ ಸೀಗೆಕಾಯಿ. ಹಿಂದಿನ ಸಂಜೆ ಚೀಲ ಹಿಡಿದು ಬಂದಿದ್ದನಂತೆ.

ಚೀಲದಲ್ಲಿದ್ದದ್ದು ಅಪ್ಪನ ಕನ್ನಡಕ, ಸ್ವೆಟರು. ಮಗ ಮುಚ್ಚುಮರೆ ಮಾಡಲಿಲ್ಲ. ಕಾರ್ಯಕ್ರಮ ಒಂದು ದಿನವೂ ಕೇಳಿದವನಲ್ಲ. ಕೆಲವು ಟೇಪುಗಳಲ್ಲಿ ಅಪ್ಪ, ತೀರಿಹೋದ ಅಮ್ಮನ ಮಾತೆತ್ತಿದ್ದಾರೆಂದು ಯಾರೋ ಹೇಳಿದ್ದರಿಂದ ಅವುಗಳ ಪ್ರತಿ ಕೇಳಲು ಹೋಗಿದ್ದ.

“ಮನೇಲಿ ಅಮ್ಮನ ಹೆಸರೇ ಎತ್ತುತಿರಲಿಲ್ಲ, ಮೇಡಂ. ಅಲ್ಲಾದ್ರೂ ಏನಂದಿದ್ರು ಅಂತ ಕೇಳಬೇಕಿತ್ತು.”

ಅವನೇ ಅಳಿಸುವುದುಂಟೆ?

*

ಇನ್ಸ್‌ಪೆಕ್ಟರ್ ಕರೆಗಳ ದಾಖಲೆ ಪುಸ್ತಕ ತೆರೆದಳು. ಹೊರಗಿನಿಂದ ಬಂದ ಪ್ರತಿ ಕರೆಗೂ ಆಪರೇಟರಮ್ಮ ನಂಬರು ಬರೆದಿದ್ದರು. ಅಳಿಸಿದ ಒಂಬತ್ತೂ ಟೇಪುಗಳ ದಿನ, ತಾನು ಸತ್ತವನೆಂದು ಹೇಳಿಕೊಂಡು ಫೋನ್ ಮಾಡುತ್ತಿದ್ದ ‘ಸತ್ತವನ ದನಿ’ ಮಾತಾಡಿತ್ತು. ಆ ಕರೆಗಳ ಮುಂದೆ ಮಾತ್ರ ನಂಬರಿನ ಜಾಗ ಖಾಲಿ.

*

ಅವಳು ಮಾಮನ ಕಾರ್ಯಕ್ರಮದ ಸೌಂಡ್ ಎಂಜಿನಿಯರನನ್ನು ಕರೆಸಿದಳು. ಮಗನೂ ಇದ್ದ.

ಕರೆ ಹೊರಗಿನಿಂದ ಬಂದಿದ್ದರೆ ನಂಬರು ಇರುತ್ತಿತ್ತು ಎಂದಳು. ಒಳಗಿನಿಂದಲೇ ಬಂದಿರಬೇಕು. ಆ ಹೊತ್ತಿಗೆ ಒಳಗಿರುತ್ತಿದ್ದವರು ಮೂವರೇ. ಆಪರೇಟರಮ್ಮ ತನ್ನ ಜಾಗ ಬಿಟ್ಟೇಳುವಂತಿಲ್ಲ, ಮಾಮ ಮೈಕಿನ ಮುಂದೆ. ಉಳಿದವರು ಒಬ್ಬರು. ಟೇಪು ಕೋಣೆಯ ಬೀಗದಕೈಯೂ ಅವರ ಬಳಿಯೇ.

ಎಂಜಿನಿಯರ್ ತಲೆ ತಗ್ಗಿಸಿದ. ಕಾರ್ಯಕ್ರಮ ನಿಲ್ಲಿಸುವ ಮಾತು ಬಂದಿದ್ದಾಗ, ನಾಲ್ಕು ಜನ ಹೆಚ್ಚು ಕೇಳಲೆಂದು, ಪಕ್ಕದ ಕೋಣೆಯ ಫೋನಿನಲ್ಲಿ ದನಿ ಬದಲಿಸಿ ಒಮ್ಮೆ ಮಾತಾಡಿದ್ದ. ಅಷ್ಟಕ್ಕೇ ಮುಗಿಯಬೇಕಿತ್ತು. ಮಾಮ ನಂಬಿಬಿಟ್ಟರು. ಮುಂದಿನ ವಾರ ಅದೇ ದನಿಗಾಗಿ ಕಾದು ಕೂತರು. ಅವನು ಮತ್ತೆ ಮತ್ತೆ ಮಾತಾಡಲೇಬೇಕಾಯಿತು. ಈಗ ಮರುಪ್ರಸಾರಕ್ಕೆಂದು ಹೊಸ ಯಂತ್ರದಲ್ಲಿ ಟೇಪು ಶುದ್ಧ ಮಾಡಿದರೆ ತನ್ನ ದನಿ ಬಯಲಾಗುತ್ತಿತ್ತು. ಸತ್ತ ಮೇಲೆ ಮಾಮ ಮೋಸಗಾರ ಅನ್ನಿಸಿಕೊಳ್ಳಬಾರದೆಂದು ಅಳಿಸಿದ್ದ.

“ಅವರಿಗೆ ಕೊನೇವರೆಗೂ ಗೊತ್ತಿರಲಿಲ್ಲ. ನಿಜ ಹೇಳೋಕೆ ನನಗೆ ಬಾಯೇ ಬರಲಿಲ್ಲ.”

ಆ ದನಿಯನ್ನು ಅಪ್ಪ ಏನು ಕೇಳುತ್ತಿದ್ದರೆಂದು ಮಗ ವಿಚಾರಿಸಿದ.

“ಒಂದೇ ಮಾತು. ನಿಮ್ಮಮ್ಮ ಸಾಯೋ ರಾತ್ರೀನೂ ಅವರು ಇಲ್ಲೇ ಮೈಕ್ ಮುಂದೆ ಇದ್ರಲ್ಲ. ಅದನ್ನ ಅವಳು ಕ್ಷಮಿಸಿದಾಳಾ ಅಂತ.”

“ನೀವೇನಂದ್ರಿ?”

“ಕ್ಷಮಿಸಿದಾಳೆ ಅಂದೆ. ಒಂಬತ್ತು ಸಲಾನೂ.”

ಇನ್ಸ್‌ಪೆಕ್ಟರ್ ಬರೆಯುವುದನ್ನು ನಿಲ್ಲಿಸಿದಳು. ಮಗ ಕಿಟಕಿಯ ಕಡೆ ತಿರುಗಿದ.

“ಅದನ್ನ ನಾನು ಹೇಳಬೇಕಿತ್ತು,” ಎಂದ.